ತಾಂಡಾದ ಹಾಡಿಗೆ ಯಾರ ಅಂಕಿತ?

ಬಸವಕಲ್ಯಾಣ: ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳ ಲಂಬಾಣಿ ತಾಂಡಾಗಳಲ್ಲಿ ಹಾಡಿನ ಪರಂಪರೆಯನ್ನು ಕಾಯ್ದುಕೊಂಡು ಬಂದವರಲ್ಲಿ ಮಹಿಳೆಯರೇ ಮುಂದು. ತೀಜ್ ಹಬ್ಬದಲ್ಲಿ ಅವಿವಾಹಿತ ಯುವತಿಯರು ಬುಟ್ಟಿಗಳಲ್ಲಿ ಗೋಧಿ ಸಸಿ ಬೆಳೆಸಿ ಹಾಡುತ್ತಾರೆ. ತವರು ತೊರೆಯುವ ವಧು 'ಢಾವಲೋ' ಹಾಡುತ್ತಾ ಅಳುತ್ತಾಳೆ. ಸ್ವಂತ ಲಿಪಿಯಿಲ್ಲದ ಗೋರ್ ಬೋಲಿಯ ಈ ಸಂಪತ್ತು ಇಂದು ಮೊಬೈಲ್ ಮೂಲಕ ಕ್ಷಣಮಾತ್ರದಲ್ಲಿ ಅಂತರಜಾಲ ಸೇರಬಲ್ಲದು. ಆದರೆ ಚಿತ್ರೀಕರಿಸಿದವರ ಹೆಸರು ಉಳಿದು, ಹಾಡಿದವಳ ಹೆಸರು ಅಳಿಸಿಹೋಗುವ ಅಪಾಯವೂ ಇದೆ.

ಕಲ್ಯಾಣದ ಪಾಠ

ಹೆಸರಿನ ಮಹತ್ವವನ್ನು ಕಲ್ಯಾಣದ ಇತಿಹಾಸವೇ ಹೇಳುತ್ತದೆ. 12ನೇ ಶತಮಾನದ ಶರಣೆಯರು ತಮ್ಮ ವಚನಗಳಿಗೆ ಇಷ್ಟದೈವದ ಅಂಕಿತವಿಟ್ಟರು. ಸೂಳೆ ಸಂಕವ್ವೆಯ ಒಂದೇ ವಚನ ದೊರೆತಿದೆ. ಆದರೂ 'ನಿರ್ಲಜ್ಜೇಶ್ವರ' ಎಂಬ ಅಂಕಿತದಿಂದ ಆಕೆ ಇಂದಿಗೂ ಗುರುತಿಸಲ್ಪಡುತ್ತಾಳೆ. 'ವಚನ ಸಂಚಯ' ಜಾಲತಾಣದಲ್ಲಿ ವಚನಕಾರ್ತಿಯರ ಹೆಸರಿನಿಂದಲೇ ವಚನಗಳನ್ನು ಹುಡುಕಬಹುದು. ಇಂಥ ಗುರುತು ತಾಂಡಾದ ಗಾಯಕಿಗೂ ಸಲ್ಲಬೇಕು.

ಕಾನೂನು ಏನೆನ್ನುತ್ತದೆ?

ಜನಪದ ಹಾಡು ಯಾರ ಸ್ವತ್ತೂ ಅಲ್ಲ ಎಂಬ ವಾದ ಅರ್ಧಸತ್ಯ. ಹಾಡು ಸಮುದಾಯದ್ದಾದರೂ ಹಾಡಿಕೆ ಹಾಡಿದವಳದು. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು. ಈಗ ಅದರ ಅವಧಿ 50 ವರ್ಷ. ಪ್ರದರ್ಶಕರೆಂದು ತಮ್ಮ ಹೆಸರು ನಮೂದಿಸುವಂತೆ ಕೇಳುವ ಹಕ್ಕು 2012ರ ತಿದ್ದುಪಡಿಯಿಂದ ದೊರೆಯಿತು. ಆದರೆ ಜನಪದ ಹಾಡಿನ ಮೇಲೆ ಸಮುದಾಯಕ್ಕೆ ಸಾಮೂಹಿಕ ಹಕ್ಕನ್ನು ಈ ಕಾಯ್ದೆ ನೀಡಿಲ್ಲ.

ಈ ಕೊರತೆಗೆ ಆಸ್ಟ್ರೇಲಿಯಾದಲ್ಲೊಂದು ಮಾದರಿಯಿದೆ. ವಾರುಮುಂಗು ಆದಿವಾಸಿಗಳ ಜತೆಗೂಡಿ 2007ರಲ್ಲಿ ರೂಪಿಸಲಾದ 'ಮುಕುರ್ತು' ಡಿಜಿಟಲ್ ಸಂಗ್ರಹದಲ್ಲಿ ಯಾವ ದಾಖಲೆಯನ್ನು ಯಾರು ನೋಡಬಹುದು ಎಂಬುದನ್ನು ಸಮುದಾಯವೇ ನಿರ್ಧರಿಸುತ್ತದೆ. ಮಹಿಳೆಯರಿಗೆ ಮಾತ್ರ ಸೇರಿದ ಸಂಗತಿಯನ್ನು ಮಹಿಳೆಯರಿಗಷ್ಟೇ ತೆರೆದಿಡಲು ಅಲ್ಲಿ ಅವಕಾಶವಿದೆ. ವಧುವಿನ ಅಳುವನ್ನು ಲೋಕವೆಲ್ಲ ನೋಡಬೇಕೇ ಎಂಬ ಪ್ರಶ್ನೆ ನಮ್ಮ ತಾಂಡಾಗಳಿಗೂ ಅನ್ವಯಿಸುತ್ತದೆ.

ಮಾಡಬೇಕಾದದ್ದು

ಇದಕ್ಕೆ ಭಾರೀ ಅನುದಾನ ಬೇಕಿಲ್ಲ. ಧ್ವನಿಮುದ್ರಣಕ್ಕೆ ಮುನ್ನ ಗೋರ್ ಬೋಲಿಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕು. ಗಾಯಕಿ ಬಯಸಿದರೆ ಆಕೆಯ ಹಾಗೂ ತಾಂಡಾದ ಹೆಸರನ್ನು ದಾಖಲಿಸಬೇಕು. ಒಂದು ಪ್ರತಿಯನ್ನು ಆಕೆಗೇ ಕೊಡಬೇಕು. ಆದಾಯ ಬಂದರೆ ಪಾಲು ಸಲ್ಲಬೇಕು, ಬೇಡವೆಂದಾಗ ತೆಗೆದುಹಾಕಬೇಕು.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನೆರವೇರಿತು. ಶರಣೆಯರ ನುಡಿಗೆ ಮನ್ನಣೆ ನೀಡಿದ ಪರಂಪರೆಯನ್ನು ಸ್ಮರಿಸುವ ಊರು, ನೆರೆಯ ತಾಂಡಾದ ಹಾಡುಗಾರ್ತಿಯನ್ನು ಹೆಸರಿಲ್ಲದವಳಾಗಿ ಬಿಡುವುದು ತರವಲ್ಲ.