ಕೆರೆ ಎಲ್ಲಿಗೂ ಓಡಿಹೋಗಲ್ಲ

ಸಹಸ್ರತಾಲ್ ಅಂದರೆ ಸಾವಿರ ಕೆರೆ. ಉತ್ತರಾಖಂಡದ ಉತ್ತರಕಾಶಿ, ತೆಹ್ರಿ ಜಿಲ್ಲೆಗಳ ಗಡಿಯಲ್ಲಿ, 14 ಸಾವಿರ ಅಡಿಗೂ ಮೇಲಿರುವ ಕೆರೆಗಳ ಗುಂಪು ಇದು. ಅಲ್ಲಿಗೆ ಬಸ್ಸಿಲ್ಲ, ಜೀಪಿಲ್ಲ. ದಿನಗಟ್ಟಲೆ ಕಾಲ್ನಡಿಗೆಯೇ ಗತಿ.

2024ರ ಜೂನ್ ಮೊದಲ ವಾರ ಈ ದಾರಿಯಲ್ಲಿ 22 ಮಂದಿಯ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ಹೆಚ್ಚಿನವರು ಕರ್ನಾಟಕದಿಂದ ಹೋದವರು. ಒಂಬತ್ತು ಮಂದಿ ಜೀವ ಬಿಟ್ಟರು. ವಾಯುಪಡೆಯ ಹೆಲಿಕಾಪ್ಟರ್ ಹಾರಿದ ಮೇಲೆ ಉಳಿದವರು ಕೆಳಗೆ ಬಂದರು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೇ ಹೋಗಿ ನಿಲ್ಲಬೇಕಾಯಿತು.

'ಮನೇಲಿ ಸುಮ್ನೆ ಇರೋಕಾಗ್ತಿರಲಿಲ್ವಾ' ಎಂದು ಚಾ ಅಂಗಡಿಯಲ್ಲಿ ಕೂತು ಹೇಳುವುದು ಸುಲಭ. ಆದರೆ ತಂಡದಲ್ಲಿ ಬೆಟ್ಟ ಹತ್ತಿ ಪಳಗಿದವರೂ ಇದ್ದರು. ಪಳಗಿದವರನ್ನೂ ಬಿಡದ ಕಷ್ಟ ಯಾವುದು?

ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ, ಸಮುದ್ರಮಟ್ಟದಲ್ಲಿ ಸಿಗುವುದರ ಶೇ. 60ರಷ್ಟು ಮಾತ್ರ. ಮಧ್ಯಾಹ್ನದ ಮೇಲೆ ಮೋಡ ಕವಿಯುವುದು ಹಿಮಾಲಯದ ಚಾಳಿ. ಬಟ್ಟೆ ಒದ್ದೆಯಾಗಿ ಗಾಳಿ ಬೀಸಿತೋ, ಮೈಯ ಬಿಸಿ ಗಂಟೆಗಳಲ್ಲೇ ಇಳಿದುಹೋಗುತ್ತದೆ. ಕೂಗಿದರೆ ಕೇಳುವವರಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಉಪಗ್ರಹ ಫೋನ್ ಬಳಸಬೇಕೆಂದರೆ ಸರ್ಕಾರದ ಅನುಮತಿ ಬೇಕು. ಯಾರಾದರೂ ನಡೆದೇ ಇಳಿದು ಬಂದು ಸುದ್ದಿ ಮುಟ್ಟಿಸಬೇಕು.

ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ, ಅದು ರಜಾ ಮತ್ತು ರೈಲು ಟಿಕೆಟಿನ ಲೆಕ್ಕ. ಹತ್ತು ದಿನ ರಜಾ ಹಾಕಿ, ದುಡ್ಡು ಕಟ್ಟಿ, ಎರಡು ಸಾವಿರ ಕಿಲೋಮೀಟರ್ ಹೋದವನಿಗೆ 'ಇವತ್ತು ಬೇಡ, ವಾಪಸ್ ನಡಿ' ಎನ್ನುವ ಮಾತು ಕಿವಿಗೆ ಹೋಗುವುದು ಕಷ್ಟ. ಹೇಳಬೇಕಾದವನಿಗೂ ಗಿರಾಕಿ ಮುನಿಸಿಕೊಂಡಾನೆಂಬ ಅಳುಕು.

ಒಂದು ಕೆಜಿ ಬೇಳೆ ಕೊಳ್ಳುವಾಗ ತಕ್ಕಡಿಯ ಮುಳ್ಳು ನೋಡುವ ಜನ, ಚಾರಣಕ್ಕೆ ದುಡ್ಡು ಕಟ್ಟುವಾಗ ಫೋಟೋ ನೋಡಿ ಮರುಳಾಗುತ್ತಾರೆ. ಕೇಳಬೇಕಾದ್ದು ನಾಲ್ಕೇ ಮಾತು. ಮೈ ಒಗ್ಗಲು ಎಷ್ಟು ದಿನ ಬಿಟ್ಟಿದ್ದೀರಿ? ಹವಾಮಾನ ಕೆಟ್ಟರೆ ಕಾಯಲು ಹೆಚ್ಚಿನ ದಿನ ಇದೆಯೇ? ಎಷ್ಟು ಗಂಟೆಗೆ, ಎಲ್ಲಿದ್ದರೂ ಹಿಂದಿರುಗುತ್ತೀರಿ? ಅಪಾಯವಾದರೆ ಕೆಳಗೆ ಸುದ್ದಿ ಮುಟ್ಟಿಸುವವರು ಯಾರು?

ಉತ್ತರ ತಡವರಿಸಿದರೆ ದುಡ್ಡು ಜೇಬಲ್ಲೇ ಇರಲಿ. ಕೆರೆ ಎಲ್ಲಿಗೂ ಓಡಿಹೋಗಲ್ಲ. ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ನೋಡಲು ಮನುಷ್ಯ ಉಳಿದಿರಬೇಕು, ಅಷ್ಟೆ.