ಮುಟ್ಟಿದರೆ ಮುನಿ: ಈ ‘ಮುನಿ’ ಯಾರು?

ಮಕ್ಕಳೇ, ಮುಟ್ಟಿದರೆ ಮುನಿ ಗಿಡವನ್ನು ನೀವು ನೋಡಿದ್ದೀರಾ? ಗಂಗಾವತಿ ಕಡೆಯವರಾದರೆ ಕಾಲುವೆ ನೀರಿನ ತೇವ ಇರುವಲ್ಲಿ ನೋಡಿರಬಹುದು. ಕುಷ್ಟಗಿ, ಯಲಬುರ್ಗಾದ ಒಣನೆಲದವರು ಶಾಲೆಯಲ್ಲೇ ಒಂದು ಕುಂಡದಲ್ಲಿ ಬೆಳೆಸಿ ನೋಡಬಹುದು.

ಈ ಹೆಸರಿನಲ್ಲಿರುವ ‘ಮುನಿ’ ಯಾರು ಎಂದು ಕೇಳಿದರೆ, “ಕಣ್ಣು ಮುಚ್ಚಿ ತಪಸ್ಸಿಗೆ ಕೂತ ಋಷಿ ಸರ್” ಎನ್ನುವವರೇ ಹೆಚ್ಚು. ಉತ್ತರ ಚೆಂದವಿದೆ, ಆದರೆ ತಪ್ಪು. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆನೆನ್ನಿ! ಋಷಿ ಎಂಬ ಅರ್ಥದ ಮುನಿ ಸಂಸ್ಕೃತದ ಪದ. ಇಲ್ಲಿರುವುದು ಅಚ್ಚ ಕನ್ನಡದ ಕ್ರಿಯಾಪದ. ಮುನಿ ಎಂದರೆ ಸಿಟ್ಟಾಗು. ಮುನಿಸು, ಮುನಿದ ಎಂಬ ಮಾತುಗಳು ಹುಟ್ಟಿದ್ದು ಇದರಿಂದಲೇ. ಮುಟ್ಟಿದರೆ ಸಿಟ್ಟಾಗುತ್ತದೆ ಎಂಬ ಇಡೀ ಮಾತೇ ಗಿಡದ ಹೆಸರಾಗಿದೆ.

ಜರ್ಮನರೂ ಇಂಥ ತಮಾಷೆ ಮಾಡಿದ್ದಾರೆ. ಬಲಿತ ಕಾಯಿಯನ್ನು ಮುಟ್ಟಿದರೆ ಪಟ್ಟನೆ ಸಿಡಿದು ಬೀಜ ಎಸೆಯುವ ಗಿಡವೊಂದು ಅವರಲ್ಲಿದೆ. ಅದಕ್ಕೆ ‘ರೂರ್‌ಮಿಶ್‌ನಿಶ್ಟಾನ್’ ಎನ್ನುತ್ತಾರೆ. ನಾಲ್ಕು ಪದಗಳನ್ನು ಅಂಟಿಸಿದ ಒಂದೇ ಪದ. ಅರ್ಥ ‘ನನ್ನನ್ನು ಮುಟ್ಟಬೇಡ’.

ನಮ್ಮ ಹೆಸರನ್ನು ಹಳ್ಳಿ ಮಾತೆಂದು ನಕ್ಕು, ‘ಮಿಮೋಸಾ ಪುಡಿಕಾ’ ಎಂದು ಬಾಯಿಪಾಠ ಮಾಡಿದರೆ ಮಾತ್ರ ವಿಜ್ಞಾನ ಎನ್ನುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. 1753ರಲ್ಲಿ ಲಿನೇಯಸ್ ತನ್ನ ಪುಸ್ತಕದಲ್ಲಿ ಬರೆದ ಆ ಹೆಸರಿನಲ್ಲೂ ಪುಡಿಕಾ ಎಂದರೆ ನಾಚಿಕೆಯುಳ್ಳದ್ದು ಎಂದೇ ಅರ್ಥ. ಅವರಿಗೆ ನಾಚಿಕೆ ಕಂಡಿತು, ನಮ್ಮವರಿಗೆ ಸಿಟ್ಟು ಕಂಡಿತು, ಅಷ್ಟೇ. ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. ದೂರದಿಂದ ಬಂದ ಗಿಡವನ್ನು ನಮ್ಮ ಹಿರಿಯರು ಮುಟ್ಟಿ ನೋಡಿದ್ದಾರೆ, ಕಂಡದ್ದನ್ನೇ ಹೆಸರಾಗಿ ಇಟ್ಟಿದ್ದಾರೆ. ವಿಜ್ಞಾನದ ಮೊದಲ ಕೆಲಸ ಇದೇ ಅಲ್ಲವೇ?

ಆದರೆ ಹೆಸರನ್ನೇ ಕಾರಣ ಎಂದು ನಂಬಿ ಕೂರಬಾರದು. ಗಿಡಕ್ಕೆ ಸಿಟ್ಟೂ ಇಲ್ಲ, ನಾಚಿಕೆಯೂ ಇಲ್ಲ. ಎಲೆತೊಟ್ಟಿನ ಬುಡವನ್ನು ಗಮನಿಸಿ, ಅಲ್ಲೊಂದು ಸಣ್ಣ ಉಬ್ಬು ಇದೆ. ಅದರ ಜೀವಕೋಶಗಳಲ್ಲಿ ನೀರು ತುಂಬಿ ಬಿಗಿಯಾಗಿರುವವರೆಗೆ ಎಲೆ ನೆಟ್ಟಗೆ ನಿಲ್ಲುತ್ತದೆ. ಮುಟ್ಟಿದೊಡನೆ ಉಬ್ಬಿನ ಕೆಳಭಾಗದ ಕೋಶಗಳಿಂದ ಪೊಟ್ಯಾಸಿಯಂ ಮುಂತಾದ ಲವಣಾಂಶಗಳು ಹೊರಬೀಳುತ್ತವೆ, ಅವುಗಳ ಹಿಂದೆಯೇ ನೀರೂ ಹೊರಡುತ್ತದೆ. ಗಾಳಿ ಬಿಟ್ಟ ಸೈಕಲ್ ಟ್ಯೂಬಿನಂತೆ ಆ ಭಾಗ ಸಡಿಲವಾಗಿ ತೊಟ್ಟು ಜೋತುಬೀಳುತ್ತದೆ. ನೀರು ಮರಳಿ ತುಂಬಲು ಕೆಲವು ನಿಮಿಷ ಬೇಕು. ಎಷ್ಟು ನಿಮಿಷ ಎಂದು ಗಡಿಯಾರ ಹಿಡಿದು ನೀವೇ ಬರೆದುಕೊಳ್ಳಿ.

ಇನ್ನೊಂದು ಕೆಲಸ. ಕತ್ತಲಾದ ಮೇಲೆ, ದೊಡ್ಡವರ ಜೊತೆಗೆ, ಗಿಡದ ಹತ್ತಿರ ಹೋಗಿ ನೋಡಿ. ಯಾರೂ ಮುಟ್ಟದಿದ್ದರೂ ಎಲೆಗಳು ಮಡಿಚಿಕೊಂಡಿರುತ್ತವೆ. ಆಗ ಅದು ಮುನಿದದ್ದು ಯಾರ ಮೇಲೆ?