ಕೋನ ಮೊದಲು ಕೈಗೆ ಸಿಗಲಿ

ನೆಟ್ಟಗೆ ನಿಂತ ಲಂಬಕೋನವನ್ನು ಬೋರ್ಡಿನ ಮೇಲೆ ಬರೆದರೆ ಐದನೇ ತರಗತಿಯ ಮಗು ಥಟ್ಟನೆ ಗುರುತಿಸುತ್ತದೆ. ಅದನ್ನೇ ಓರೆಯಾಗಿ ಬರೆದರೆ ತಡವರಿಸುತ್ತದೆ. ಎರಡು ಸಮ ಕೋನಗಳಲ್ಲಿ ಒಂದರ ಬಾಹುಗಳನ್ನು ಉದ್ದ ಎಳೆದರೆ ಅದೇ ದೊಡ್ಡ ಕೋನ ಎನ್ನುವ ಮಕ್ಕಳು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಇದು ದಡ್ಡತನವಲ್ಲ. ಮಕ್ಕಳು ಆಕೃತಿಯನ್ನು ಮೊದಲು ಅದರ ಒಟ್ಟು ರೂಪದಿಂದಲೇ ಗುರುತಿಸುತ್ತಾರೆ, ಲಕ್ಷಣ ಹಿಡಿದು ಗುರುತಿಸುವುದು ಆಮೇಲಿನ ಹಂತ ಎಂದು ನೆದರ್ಲೆಂಡ್ಸ್‌ನ ಶಿಕ್ಷಕ ದಂಪತಿ ಪಿಯೆರ್ ಮತ್ತು ಡೀನಾ ವಾನ್ ಹೀಲೆ 1957ರಲ್ಲೇ ವಾದಿಸಿದ್ದರು. ಆ ಹಂತಕ್ಕೆ ಮಗುವನ್ನು ಏರಿಸುವುದು ವಯಸ್ಸಲ್ಲ, ಪಾಠ. ನಾವೋ, 90 ಡಿಗ್ರಿಗಿಂತ ಕಡಿಮೆಯಿದ್ದರೆ ಲಘುಕೋನ, ಹೆಚ್ಚಿದ್ದರೆ ವಿಶಾಲಕೋನ ಎಂದು ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಒಂದು ಗೆರೆ ಇನ್ನೊಂದರಿಂದ ಎಷ್ಟು ತಿರುಗಿದೆ ಎಂಬುದೇ ಕೋನ. ಆ ತಿರುವು ಕೈಗೆ ಸಿಕ್ಕಮೇಲೆ ಹೆಸರು ಬರಲಿ.

ಇದಕ್ಕೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕಿಂತ ಒಳ್ಳೆಯ ಜಾಗ ಬೇಕೇ? ಅಲ್ಲಿನ ಮೆಷಿನ್ ಶಾಪ್‌ಗಳಲ್ಲಿ ದಿನವೂ ಕೈಯಾಡುವ ಮೂರು ವಸ್ತುಗಳು ಮಕ್ಕಳ ಇಂಥ ತಪ್ಪುಗಳಿಗೆ ಉತ್ತರ ಕೊಡುತ್ತವೆ. ಮೂಲೆಮಟ್ಟವನ್ನು ಹೇಗೆ ತಿರುಗಿಸಿ ಹಿಡಿದರೂ ಅದು 90 ಡಿಗ್ರಿಯೇ. ಸಾಮಾನ್ಯ ಮೆಟ್ರಿಕ್ ಬೋಲ್ಟ್ ಬೆರಳಿಗಿಂತ ಸಣ್ಣದಿರಲಿ, ತೋಳಿನಷ್ಟು ದಪ್ಪವಿರಲಿ, ಥ್ರೆಡ್ಡಿನ ಕೋನ 60 ಡಿಗ್ರಿಯೇ. ಗಾತ್ರ ಬೇರೆ, ಕೋನ ಬೇರೆ. ಡ್ರಿಲ್ ಬಿಟ್‌ನ ಮೊನೆ ನೋಡಲು ಚೂಪು, ಆದರೆ ಸಾಮಾನ್ಯವಾಗಿ 118 ಡಿಗ್ರಿಯ ವಿಶಾಲಕೋನ. ಸವೆದುಹೋದ ಬಿಟ್ಟೊಂದನ್ನು ಶಿಕ್ಷಕರು ತೋರಿಸಿದರೆ, ಚೂಪಾದದ್ದೆಲ್ಲ ಲಘುಕೋನವಲ್ಲ ಎಂಬುದು ವ್ಯಾಖ್ಯೆ ಓದಿದ್ದಕ್ಕಿಂತ ಚೆನ್ನಾಗಿ ಮನಸ್ಸಿನಲ್ಲಿ ಕೂರುತ್ತದೆ. ಏನೂ ಸಿಗದಿದ್ದರೆ ಹರಿದ ಪತ್ರಿಕೆಯ ಚೂರು ಸಾಕು. ಒಮ್ಮೆ ಮಡಚಿದರೆ ನೇರ ಅಂಚು. ಆ ಅಂಚು ತನ್ನ ಮೇಲೆಯೇ ಕೂರುವಂತೆ ಇನ್ನೊಮ್ಮೆ ಮಡಚಿದರೆ ಲಂಬಕೋನ. ಅದನ್ನು ಡೆಸ್ಕಿನ ಮೂಲೆಗೆ, ಅರ್ಧ ತೆರೆದ ಬಾಗಿಲಿಗೆ, ಕತ್ತರಿಯ ಬಾಯಿಗೆ ಹಿಡಿದು ನೋಡಲಿ. ಉತ್ತರ ಕರ್ನಾಟಕ, ಬಿಹಾರ, ಒಡಿಶಾಗಳಿಂದ ಬಂದ ಕಾರ್ಮಿಕರ ಮಕ್ಕಳು ಒಟ್ಟಿಗೆ ಕೂರುವ ತರಗತಿಯಲ್ಲಿ ಈ ಮಡಿಕೆ ಯಾವ ಭಾಷೆಗೂ ಕಾಯುವುದಿಲ್ಲ. ಕನ್ನಡದ ಹೆಸರನ್ನು ಅದರ ಮೇಲೆಯೇ ಕಲಿಸಬಹುದು.

ಪರೀಕ್ಷೆಯಲ್ಲಿ ಕೇಳುವುದು ಕೋನಮಾಪಕದ ಅಳತೆ, ಇಂಥ ಅಂದಾಜಲ್ಲ ಎನ್ನುವವರಿದ್ದಾರೆ. ಆದರೆ ಕೋನಮಾಪಕದಲ್ಲಿ ಎರಡು ಸಾಲು ಅಂಕಿಗಳಿವೆ. 60 ಓದಬೇಕಾದಲ್ಲಿ 120 ಓದುವ ತಪ್ಪು ಸರ್ವೇಸಾಮಾನ್ಯ. ಮಡಿಕೆ ಹಿಡಿದು ನೋಡಿದ ಮಗು ಆ ತಪ್ಪನ್ನು ತಾನೇ ಹಿಡಿಯುತ್ತದೆ. ಸ್ವಯಂಸೇವಾ ಸಂಸ್ಥೆ ಅಕ್ಷರ ಫೌಂಡೇಷನ್ ಸಹಯೋಗದ, ರಾಜ್ಯ ಸರ್ಕಾರದ ಗಣಿತ ಕಲಿಕಾ ಆಂದೋಲನವೂ ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಗಳಿಗೆ ಕಿಟ್ ಕೊಟ್ಟದ್ದು ಮಕ್ಕಳು ಮುಟ್ಟಿ ಕಲಿಯಲೆಂದೇ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಕಾರ್ಮಿಕರ ಮಕ್ಕಳ ಕೈಗೆ ಬೋಲ್ಟು ಕೊಟ್ಟರೆ ಅವರನ್ನು ಅದೇ ಶೆಡ್ಡಿಗೆ ತಳ್ಳಿದಂತಲ್ಲವೇ? 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿ ತಂದ, ಮಕ್ಕಳು ಅರ್ಧ ದಿನ ಮನೆಯ ಕಸುಬು ಕಲಿಯಬೇಕೆಂಬ ಯೋಜನೆ ಜನವಿರೋಧದಿಂದ ಮರುವರ್ಷವೇ ಬಿದ್ದುಹೋಯಿತು, ಬಿದ್ದದ್ದು ನ್ಯಾಯವೇ. ಇಲ್ಲಿ ಕಲಿಸುವುದು ಕಸುಬಲ್ಲ, ಹತ್ತನೇ ತರಗತಿಯ ತ್ರಿಕೋನಮಿತಿಗೆ ಬೇಕಾದ ಅಡಿಪಾಯ. ಆದ್ದರಿಂದಲೇ ಈ ಪಾಠ ಪೀಣ್ಯದ ಸರ್ಕಾರಿ ಶಾಲೆಗೆ ಮಾತ್ರ ಸೀಮಿತವಾಗಬಾರದು. ವೈಟ್‌ಫೀಲ್ಡ್‌ನ ದುಬಾರಿ ಖಾಸಗಿ ಶಾಲೆಯ ಮಗುವಿನ ಕೈಗೂ ಅದೇ ಬೋಲ್ಟು ಬರಬೇಕು.